ಎರಡು ಡ್ಯೂಟಿ ಪಟ್ಟಿಗಳು

ನಮ್ಮ ಘಟಕದ ಡ್ಯೂಟಿ ಪಟ್ಟಿ ಬರೆಯುವ ಕೆಲಸ ಆರು ವರ್ಷ ನನ್ನದಾಗಿತ್ತು. ಪುಣೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ನಾನು ಮೆಡಿಸಿನ್ ವಿಭಾಗದ ಪ್ರಾಧ್ಯಾಪಕಿ. ಎಂ.ಬಿ.ಬಿ.ಎಸ್. ಮುಗಿಸಿ ಎಂ.ಡಿ. ಮಾಡಲು ಬರುವ ಹುಡುಗ ಹುಡುಗಿಯರು ಮೂರು ವರ್ಷ ನಮ್ಮಲ್ಲಿದ್ದು, ಕೆಲಸ ಮಾಡುತ್ತ ಕಲಿಯುತ್ತಾರೆ. ಅವರನ್ನು ನಾವು ರೆಸಿಡೆಂಟ್ ಎನ್ನುತ್ತೇವೆ. ಹೆಸರಿಗೆ ವಿದ್ಯಾರ್ಥಿಗಳು, ಆದರೆ ಅವರು ಒಂದು ದಿನ ಬರದಿದ್ದರೆ ವಾರ್ಡ್ ನಿಂತೇ ಹೋಗುತ್ತದೆ. ಯಾರು ಯಾವ ದಿನ ವಾರ್ಡಿನಲ್ಲಿ, ಯಾರು ತುರ್ತು ಚಿಕಿತ್ಸೆಯಲ್ಲಿ, ಯಾರಿಗೆ ಐ.ಸಿ.ಯು. ಎಂದು ತಿಂಗಳ ಕೊನೆಯ ಶನಿವಾರ ಚಹಾ ಇಟ್ಟುಕೊಂಡು ಬರೆಯುತ್ತಿದ್ದೆ. ಆ ಪಟ್ಟಿಯಲ್ಲಿ ಯಾರ ಹೆಸರು ಎಷ್ಟು ಸಲ ಬಂದರೂ ನನ್ನನ್ನು ಕೇಳುವವರಿರಲಿಲ್ಲ.

ಒಂದು ಬೇಸಿಗೆಯಲ್ಲಿ ಆಡಳಿತ ಕಚೇರಿಯಿಂದ ಸುತ್ತೋಲೆ ಬಂತು. ಯಾವ ರೆಸಿಡೆಂಟನ್ನೂ ಒಂದೇ ಸಲಕ್ಕೆ ಇಪ್ಪತ್ತನಾಲ್ಕು ಗಂಟೆಗಿಂತ ಹೆಚ್ಚು ದುಡಿಸಬಾರದು. ವಾರಕ್ಕೊಂದು ರಜೆ ಕೊಡಲೇಬೇಕು. ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ನೋಟೀಸ್ ಬೋರ್ಡಿಗೆ ಹಚ್ಚಬೇಕು, ತಪಾಸಣೆಗೆ ಬಂದವರಿಗೆ ತೋರಿಸಬೇಕು. ಓದಿದ ಕೂಡಲೇ ನಾನು ಲೆಕ್ಕ ಹಾಕಿದೆ. ನಮ್ಮ ಘಟಕದಲ್ಲಿದ್ದವರು ಆರು ಜನ ರೆಸಿಡೆಂಟರು. ಅವರಲ್ಲಿ ಇಬ್ಬರು ಸದಾ ಬೇರೆ ವಿಭಾಗಕ್ಕೆ ಹೋಗಿರುತ್ತಿದ್ದರು. ಉಳಿದ ನಾಲ್ವರಲ್ಲಿ ಈ ನಿಯಮದಂತೆ ಪಟ್ಟಿ ಹಾಕಿದರೆ ವಾರದಲ್ಲಿ ಎರಡು ದಿನ ವಾರ್ಡಿಗೆ ಯಾರೂ ಇರುತ್ತಿರಲಿಲ್ಲ. ಹೆಚ್ಚಿನ ವೈದ್ಯರನ್ನು ಕೊಡಿ ಎಂದು ಅಧೀಕ್ಷಕರ ಬಳಿ ಹೋದೆ. ಅವರು ನನಗಿಂತ ಹಿರಿಯರು, ಮೃದು ಮಾತಿನವರು. ಮುಂದಿನ ವರ್ಷ ನೋಡೋಣ ಎಂದರು. ನಾನು ಏಳುವಾಗ ಮರಾಠಿಯಲ್ಲಿ ಇಷ್ಟು ಸೇರಿಸಿದರು: “ಕಾಗದ್ ನೀಟ್ ಅಸೂ ದ್ಯಾ, ಮ್ಯಾಡಮ್.” ಕಾಗದ ಮಾತ್ರ ಸರಿಯಾಗಿರಲಿ ಎಂದು.

ಸುಳ್ಳು ಪಟ್ಟಿ ಮಾಡಿ ಎಂದು ಅವರು ಹೇಳಲಿಲ್ಲ. ಯಾರೂ ಹೇಳಲಿಲ್ಲ. ಅದನ್ನು ನಾನೇ ಮಾಡಿದೆ. ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಟೈಪ್ ಮಾಡಿದ ಒಂದು ಪಟ್ಟಿ ಬೋರ್ಡಿಗೆ ಹೋಯಿತು. ಅದರಲ್ಲಿ ಎಲ್ಲರಿಗೂ ಬೆಳಿಗ್ಗೆ ಎಂಟಕ್ಕೆ ಡ್ಯೂಟಿ ಮುಗಿಯುತ್ತಿತ್ತು, ವಾರದ ರಜೆಗೆ ಹಸಿರು ಬಣ್ಣ ಹಚ್ಚಿದ್ದೆ. ಇನ್ನೊಂದು ಪಟ್ಟಿ ಘಟಕದ ವಾಟ್ಸಾಪ್ ಗುಂಪಿಗೆ ಹೋಯಿತು. ಅದು ಮೊದಲಿನದೇ ಪಟ್ಟಿ. ಅದರಂತೆ ಬೆಳಿಗ್ಗೆ ಎಂಟಕ್ಕೆ ಬಂದವರು ಮರುದಿನ ಸಂಜೆಯವರೆಗೆ ಇರಬೇಕು. ಬೋರ್ಡಿನ ಪಟ್ಟಿಯ ಕೆಳಗೆ ನನ್ನ ಸಹಿ ಮತ್ತು ಸೀಲು.

ನನಗೆ ಆ ನಿಯಮದ ಮೇಲೆ ಸಿಟ್ಟಿತ್ತು ಎಂಬುದನ್ನೂ ಹೇಳಬೇಕು. ಸಿಟ್ಟಿನಲ್ಲಿ ಸ್ವಲ್ಪ ನ್ಯಾಯವೂ ಇತ್ತು. ರೋಗಿಯನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವಾಗ ಏನಾದರೊಂದು ಬಿಟ್ಟುಹೋಗುತ್ತದೆ. ಜ್ವರವೆಂದು ಬಂದವನನ್ನು ವಾರ್ಡಿಗೆ ಸೇರಿಸಿಕೊಂಡ ವೈದ್ಯೆಯೇ ಮರುದಿನ ಮಧ್ಯಾಹ್ನ ಅವನ ಉಸಿರು ಬದಲಾದದ್ದನ್ನು ಮೊದಲು ಗುರುತಿಸುತ್ತಾಳೆ. ನಾನು ಕಲಿತದ್ದು ಹಾಗೆ. ನನ್ನ ಕಾಲದಲ್ಲಿ ಎರಡು ದಿನ ಒಂದೇ ಬಟ್ಟೆಯಲ್ಲಿ ಇದ್ದದ್ದನ್ನು, ಮನೆಗೆ ಹೋಗುವಾಗ ಸಿಗ್ನಲ್ಲಿನಲ್ಲಿ ಸ್ಕೂಟರ್ ಮೇಲೆಯೇ ನಿದ್ದೆಹೋಗಿ ಹಿಂದಿನ ರಿಕ್ಷಾದವನಿಂದ ಬೈಸಿಕೊಂಡದ್ದನ್ನು ನಾನು ಕ್ಲಾಸಿನಲ್ಲಿ ಶೌರ್ಯದ ಕಥೆಯಂತೆ ಹೇಳುತ್ತಿದ್ದೆ. ಹುಡುಗರು ನಗುತ್ತಿದ್ದರು. ನಕ್ಕವರಲ್ಲಿ ಎಷ್ಟು ಜನ ಆಗ ಕುಳಿತಲ್ಲೇ ತೂಕಡಿಸುತ್ತಿದ್ದರೆಂದು ನಾನು ನೋಡಿರಲಿಲ್ಲ.

ನನ್ನ ಗಂಡ ಭೋಸರಿಯ ಒಂದು ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಧಾರವಾಡದವರು. ನಮ್ಮ ತಂದೆಯೂ ಧಾರವಾಡದಿಂದಲೇ ಇಲ್ಲಿಗೆ ಗುಮಾಸ್ತಿಕೆಗೆ ಬಂದವರಾದ್ದರಿಂದ ಮನೆಯಲ್ಲಿ ನಮ್ಮದು ಆ ಕಡೆಯ ಮಾತೇ. ಬೆಳಗಿನ ತಿಂಡಿಯ ಹೊತ್ತಿಗೆ ಎರಡು ಪಟ್ಟಿಗಳ ವಿಷಯ ನಗುತ್ತ ಹೇಳಿದೆ. ಅವರು ನಗಲಿಲ್ಲ.

“ನಮ್ಮಲ್ಲಿ ಡಬಲ್ ಶಿಫ್ಟ್ ಮಾಡಿದವನ್ನ ಪ್ರೆಸ್ ಮಷೀನ್ ಮುಂದ ನಿಲ್ಲಸಂಗಿಲ್ಲ,” ಎಂದರು. “ಬೆರಳು ಹೋಗ್ತಾವ.”

“ಅವು ಮಷೀನ್ ರೀ. ಇವರು ಡಾಕ್ಟರ್ ಆಗೋರು.”

“ಮಷೀನಿಗೆ ಏನೂ ಆಗಂಗಿಲ್ಲ. ಮನಶ್ಯಾನ ಬೆರಳು ಹೋಗೋದು.”

ನಾನು ಡಬ್ಬಿ ಕಟ್ಟಿಕೊಂಡು ಹೊರಟೆ.

ಆ ವರ್ಷ ಹೊಸದಾಗಿ ಬಂದವರಲ್ಲಿ ಬೆಳಗಾವಿ ಕಡೆಯ ಒಬ್ಬ ಹುಡುಗಿ ಇದ್ದಳು. ಅವಳ ತಂದೆ ಹೈಸ್ಕೂಲ್ ಮಾಸ್ತರರು. ಮೊದಲ ವಾರ ನಾನು ಫೋನಿನಲ್ಲಿ ನನ್ನ ತಾಯಿಯ ಜೊತೆ ಮಾತಾಡುವುದನ್ನು ಕೇಳಿಸಿಕೊಂಡು, ಅಂಜುತ್ತ ಹತ್ತಿರ ಬಂದು, “ಮೇಡಂ, ನೀವು ನಮ್ಮ ಕಡೀಯವರೇನ್ರಿ?” ಎಂದು ಕೇಳಿದ್ದಳು. ಹೌದೆಂದಾಗ ಅವಳ ಮುಖ ಅರಳಿತು. ಅವಳ ಥೀಸಿಸ್‌ಗೆ ನಾನೇ ಗೈಡ್ ಆದೆ. ಜನರೆದುರು ಮರಾಠಿ, ನಾವಿಬ್ಬರೇ ಇದ್ದಾಗ ಕನ್ನಡ. ಹಬ್ಬಕ್ಕೆ ಅವಳನ್ನು ಮನೆಗೆ ಊಟಕ್ಕೆ ಕರೆದಿದ್ದೆ. ನನ್ನ ಅತ್ತೆ ಬಡಿಸಿದ ಹೋಳಿಗೆಯನ್ನು ಮೂರು ಸಲ ಹಾಕಿಸಿಕೊಂಡು, ಅಡುಗೆಮನೆಗೆ ಹೋಗಿ ತಾಟು ತೊಳೆದಿಟ್ಟು ಬಂದಿದ್ದಳು. ಕೆಲಸದಲ್ಲಿ ಚುರುಕು. ರೋಗಿಯ ಮಾತು ಪೂರ್ತಿ ಕೇಳುವವಳು. ಅವಳ ಮೇಲೆ ನನಗೆ ಅಭಿಮಾನವಿತ್ತು. ಅದಕ್ಕೇ ಇರಬೇಕು, ಉಳಿದವರಿಗಿಂತ ಅವಳ ಮೇಲೆ ಹೆಚ್ಚು ಹೊರೆ ಹಾಕುತ್ತಿದ್ದೆ. ನಮ್ಮವಳು, ಬೇಡ ಎನ್ನುವುದಿಲ್ಲ ಎಂಬ ಧೈರ್ಯ.

ಗಣಪತಿ ವಿಸರ್ಜನೆ ಮುಗಿದ ವಾರ. ಊರೆಲ್ಲ ಡೆಂಗಿ. ವಾರ್ಡಿನಲ್ಲಿ ಮಂಚಗಳು ಸಾಲದೆ ನೆಲದ ಮೇಲೆ ಹಾಸಿಗೆ ಹಾಕಿದ್ದೆವು. ಮೂರನೇ ವರ್ಷದವರು ಪರೀಕ್ಷೆಯ ರಜೆಯಲ್ಲಿದ್ದರು. ಎರಡನೇ ವರ್ಷದ ಹುಡುಗ ತಾನೇ ಡೆಂಗಿ ಬಂದು ನಮ್ಮದೇ ಐ.ಸಿ.ಯು.ನಲ್ಲಿ ಮಲಗಿದ್ದ. ಆ ವಾರದ ಒಂದು ದಿನ ಬೆಳಿಗ್ಗೆ ನಾನು ರೌಂಡ್ಸಿಗೆ ಬಂದಾಗ ಆ ಹುಡುಗಿ ಹಿಂದಿನ ದಿನದಿಂದ ಡ್ಯೂಟಿಯಲ್ಲಿದ್ದಳು. ಕೈಯಲ್ಲಿ ಒಂದು ಹಾಳೆ. ಪ್ರತಿ ರೋಗಿಯ ಹೆಸರು, ಆಗಬೇಕಾದ ರಕ್ತಪರೀಕ್ಷೆ, ಕೊಡಬೇಕಾದ ಔಷಧಿ ಎಲ್ಲವನ್ನೂ ಅದರಲ್ಲಿ ಬರೆದಿದ್ದಳು. ಮುಂದಿನವರಿಗೆ ಕೆಲಸ ಒಪ್ಪಿಸುವಾಗ ಹೀಗೆಯೇ ಬರೆದುಕೊಡಬೇಕೆಂದು ಸುತ್ತೋಲೆಯಲ್ಲಿತ್ತು. ಅದನ್ನು ಹಾಗೆ ಮಾಡಿದವಳು ಅವಳೊಬ್ಬಳೇ.

“ಮೇಡಂ, ನಂದು ಇಪ್ಪತ್ನಾಲ್ಕು ತಾಸು ಮುಗದಾವ್ರಿ,” ಎಂದು ದಣಿವಿನಲ್ಲಿ ಎಲ್ಲರೆದುರೇ ಕನ್ನಡದಲ್ಲಿ ಹೇಳಿದಳು. “ಕಣ್ಣು ಭಾಳ ಉರಿಯಾಕತ್ತಾವ. ಬೋರ್ಡ್ ಪ್ರಕಾರ ಇವತ್ತು ನಂಗ ರಜಾ ಅದರಿ. ಇದನ್ನ ಯಾರ ಕೈಯಾಗ ಕೊಡ್ಲಿ?”

ಕೊಡಲು ಯಾರೂ ಇರಲಿಲ್ಲ. ಅದು ಅವಳ ತಪ್ಪಲ್ಲ, ನನ್ನದು. ಸುತ್ತ ಆರೇಳು ಇಂಟರ್ನ್‌ಗಳು, ಇಬ್ಬರು ಸಿಸ್ಟರುಗಳು, ಮಂಚಗಳ ಮೇಲಿನ ರೋಗಿಗಳು. ಬೋರ್ಡ್, ರಜಾ ಎಂಬ ಮಾತು ಕನ್ನಡ ಬಾರದವರಿಗೂ ತಿಳಿಯುತ್ತಿತ್ತು; ಬೋರ್ಡಿನ ಪಟ್ಟಿಯನ್ನು ಅವಳು ಎಲ್ಲರೆದುರು ಎತ್ತಿದ್ದು ನನಗೆ ಕೆನ್ನೆಗೆ ಹೊಡೆದಂತಾಯಿತು. ಮೊದಲು ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ, ಈಗಿನವರಿಗೆ ರೋಗಿಗಿಂತ ಗಡಿಯಾರವೇ ಮುಖ್ಯ ಎಂದೆ. ಇಂಟರ್ನ್‌ಗಳು ನೆಲ ನೋಡಿದರು. ಆಮೇಲೆ ಅವಳಿಗಷ್ಟೇ ತಿಳಿಯಲೆಂದು ಕನ್ನಡದಲ್ಲಿ ಹೇಳಿದೆ.

“ತಾಸು ಎಣಿಸಿ ಕೆಲಸ ಮಾಡೋದಿದ್ರ ಬ್ಯಾಂಕಿನ್ಯಾಗ ನೌಕರಿ ಹಿಡೀಬೇಕಿತ್ತು. ಹೋಗೋದಿದ್ರ ಹೋಗು. ಥೀಸಿಸ್ ಮ್ಯಾಲೆ ಸಹಿ ಯಾರ ಕಡೆ ಹಾಕಿಸ್ತಿ, ಅದನ್ನೂ ವಿಚಾರ ಮಾಡಿಕೊಂಡು ಹೋಗು.”

ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಏಪ್ರನ್ನಿನ ಕಿಸೆಗೆ ಹಾಕಿಕೊಂಡಳು. “ಇಲ್ರಿ ಮೇಡಂ, ಇರ್ತೀನಿ,” ಎಂದಳು. ನಾವು ಮುಂದಿನ ಮಂಚಕ್ಕೆ ಹೋದೆವು.

ನಮ್ಮ ಮನೆಮಾತು ಗೊತ್ತಿದ್ದವಳನ್ನು ಆ ಮಾತಿನಲ್ಲೇ ಬೆದರಿಸಿದೆನಲ್ಲ ಎಂಬುದು ನನಗೆ ಆ ಹೊತ್ತಿನಲ್ಲಿ ಹೊಳೆಯಲೇ ಇಲ್ಲ.

ಹನ್ನೆರಡನೇ ಮಂಚದಲ್ಲಿದ್ದವರು ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಮೂಟೆ ಹೊರುವ ಹಮಾಲರು. ಐವತ್ತರ ಆಸುಪಾಸು. ಕಲಬುರಗಿ ಕಡೆಯವರು. ಕಾಲಿನ ಗಾಯ ಕೀವಾಗಿ ಬಂದಾಗ ಅವರಿಗೆ ಸಕ್ಕರೆ ಕಾಯಿಲೆ ಇರುವುದು ಮೊದಲ ಸಲ ಗೊತ್ತಾಗಿತ್ತು. ಊಟಕ್ಕೆ ಮುಂಚೆ ಆರು ಯುನಿಟ್ ಇನ್ಸುಲಿನ್ ಸಾಕಿತ್ತು. ಪಕ್ಕದ ಹನ್ನೊಂದನೇ ಮಂಚದಲ್ಲಿ ಚಿಂಚವಾಡದ ನಿವೃತ್ತ ಕಾರ್ಮಿಕರೊಬ್ಬರು. ಎಷ್ಟೋ ವರ್ಷಗಳ ಹಳೆಯ ಕಾಯಿಲೆ, ಅವರಿಗೆ ಮೂವತ್ತು ಬೇಕು. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ, ಅಂದರೆ ಅವಳ ಡ್ಯೂಟಿಯ ಇಪ್ಪತ್ತೊಂಬತ್ತನೇ ಗಂಟೆಯಲ್ಲಿ, ಆ ಹುಡುಗಿ ಹನ್ನೊಂದರ ಮೂವತ್ತನ್ನು ಹನ್ನೆರಡರ ಹಾಳೆಯಲ್ಲಿ ಬರೆದಳು. ಸಿಸ್ಟರ್‌ಗೂ ಅವತ್ತು ಎರಡು ವಾರ್ಡು. ಬರೆದದ್ದನ್ನು ನೋಡಿ ಚುಚ್ಚಿದರು. ಹಮಾಲರಿಗೆ ಬಾಯಿ ಕಹಿಯಾಗಿ ಊಟವೂ ಸೇರಿರಲಿಲ್ಲ.

ಎರಡೂವರೆಗೆ ಅವರ ಹೆಂಡತಿ ಓಡುತ್ತ ಬಂದು, “ಎಬ್ಬಿಸಿದ್ರ ಏಳವಲ್ರು, ಕೈಕಾಲು ಝಾಡಸ್ಲಿಕ್ಕತ್ಯಾರ” ಎಂದು ಕೂಗಿದರು. ನಾನು ಆಗ ಹೊರರೋಗಿಗಳ ವಿಭಾಗದಲ್ಲಿದ್ದೆ. ನಾನು ಬರುವಷ್ಟರಲ್ಲಿ ಹುಡುಗಿ ಸಕ್ಕರೆ ನೋಡಿ, ಗ್ಲೂಕೋಸ್ ಕೊಡುತ್ತ, ಗಂಟಲಿನ ನೊರೆ ತೆಗೆಯುತ್ತ ಇದ್ದಳು. ಎಲ್ಲ ಮುಗಿದು ಅವರನ್ನು ಐ.ಸಿ.ಯು.ಗೆ ಸಾಗಿಸಿದ ಮೇಲೆ ಕೇಸ್ ಪೇಪರ್ ತೆಗೆದು ನೋಡಿದಳು. ತನ್ನ ಅಕ್ಷರವನ್ನು ತಾನೇ ಕಂಡು, ಹಾಳೆಯನ್ನು ನನ್ನ ಮುಂದೆ ಹಿಡಿದಳು. “ನಾನ ಬರದೀನ್ರಿ,” ಎಂದಳು.

ಹಮಾಲರು ಮೂರು ದಿನ ಐ.ಸಿ.ಯು.ನಲ್ಲಿದ್ದರು. ಕಣ್ಣು ಬಿಟ್ಟ ಮೇಲೂ ಒಂದು ದಿನ ಹೆಂಡತಿಯ ಗುರುತು ಹತ್ತಲಿಲ್ಲ. ಯಾರೋ ವ್ಯಾಪಾರಿಯೆಂದು ತಿಳಿದು ಮೂಟೆಯ ತೂಕ ಹೇಳುತ್ತಿದ್ದರು. ನಂತರ ಸರಿಹೋದರು. ಅವರ ಹೆಂಡತಿಗೆ ನಾವು ಹೇಳಿದ್ದು ಇಷ್ಟೇ: ಶುಗರ್ ಒಮ್ಮೆಲೇ ಇಳಿದಿತ್ತು, ಹೀಗೆ ಆಗುವುದುಂಟು. ಹೇಳಿದವಳು ನಾನು. ಆ ತಾಯಿ ಕೈ ಮುಗಿದರು.

ವಾರ್ಡಿನ ಹಿರಿಯ ಸಿಸ್ಟರ್ ನಿಯಮದಂತೆ ಘಟನೆಯ ವರದಿ ಕಳಿಸಿದ್ದರಿಂದ ವಿಚಾರಣೆ ನಡೆಯಿತು. ಅಧೀಕ್ಷಕರು, ಬೇರೆ ವಿಭಾಗದ ಒಬ್ಬ ಪ್ರಾಧ್ಯಾಪಕರು, ಆಡಳಿತಾಧಿಕಾರಿ ಮೇಜಿನ ಆ ಕಡೆ. ಈ ಕಡೆ ಘಟಕದ ಪರವಾಗಿ ನಾನು. ನನ್ನ ಪಕ್ಕದ ಕುರ್ಚಿಯಲ್ಲಿ ಅವಳು. ಆಡಳಿತಾಧಿಕಾರಿ ಬೋರ್ಡಿನ ಪಟ್ಟಿಯ ಪ್ರತಿಯನ್ನು ಮುಂದಿಟ್ಟುಕೊಂಡಿದ್ದರು. ಹಸಿರು ಬಣ್ಣದ ಚೌಕ, ಕೆಳಗೆ ನನ್ನ ಸೀಲು.

“ಇದರ ಪ್ರಕಾರ ನಿಮ್ಮ ಡ್ಯೂಟಿ ಬೆಳಿಗ್ಗೆ ಎಂಟಕ್ಕೆ ಮುಗಿದಿದೆ,” ಎಂದು ಅವಳಿಗೆ ಹೇಳಿದರು. “ಅಂದು ನಿಮಗೆ ರಜೆ. ಮಧ್ಯಾಹ್ನ ಒಂದು ಗಂಟೆಗೆ ನೀವು ವಾರ್ಡಿನಲ್ಲಿ ಇದ್ದದ್ದೇಕೆ? ಡ್ಯೂಟಿಯಲ್ಲಿ ಇಲ್ಲದವರು ಔಷಧಿ ಬರೆದದ್ದು ಹೇಗೆ?”

ಅವಳು ನನ್ನ ಕಡೆ ತಿರುಗಿ ನೋಡಿದಳು. ಆ ನೋಟದಲ್ಲಿ ಆಪಾದನೆ ಇರಲಿಲ್ಲ. ಏನು ಹೇಳಬೇಕೋ ನೀವೇ ಹೇಳಿ ಎಂಬಂತೆ, ರೌಂಡ್ಸಿನಲ್ಲಿ ಉತ್ತರ ಗೊತ್ತಿಲ್ಲದಾಗ ನೋಡುತ್ತಿದ್ದಳಲ್ಲ, ಹಾಗೆ ನೋಡಿದಳು. ನನ್ನ ಕಿಸೆಯ ಫೋನಿನಲ್ಲಿ ನಿಜವಾದ ಪಟ್ಟಿ ಇತ್ತು. ತೆಗೆದು ಮೇಜಿನ ಮೇಲಿಡಲು ಒಂದು ಕ್ಷಣ ಸಾಕಿತ್ತು.

“ಕಲಿಯುವ ಉತ್ಸಾಹ ಹೆಚ್ಚು ಈ ಮಕ್ಕಳಿಗೆ,” ಎಂದೆ ನಾನು. “ರಜೆ ಇದ್ದರೂ ಬಂದು ಕೂರುತ್ತಾರೆ. ನಾವು ಹೋಗಿ ಎಂದೇ ಹೇಳುತ್ತೇವೆ.”

ಮಾತು ಬಾಯಿಂದ ಸಲೀಸಾಗಿ ಬಂತು. ಅಧೀಕ್ಷಕರು ತಲೆಯಾಡಿಸಿ ಏನೋ ಗೀಚಿಕೊಂಡರು. ನಿಜ ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬೇರೆ ವಿಭಾಗದ ಪ್ರಾಧ್ಯಾಪಕರಿಗೂ ಗೊತ್ತಿತ್ತು. ಅವರ ವಿಭಾಗದಲ್ಲೂ ಎರಡು ಪಟ್ಟಿಗಳಿದ್ದವು. ಆಡಳಿತಾಧಿಕಾರಿ ಅವಳನ್ನು ಮತ್ತೆ ಕೇಳಿದರು: “ಮೇಡಂ ಹೇಳಿದ್ದು ಸರಿಯೇ?” ಅವಳು ಮೇಜಿನ ಅಂಚು ನೋಡುತ್ತ ಹೌದೆಂದಳು. ಲಿಖಿತ ಎಚ್ಚರಿಕೆ, ಜೊತೆಗೆ ತರಬೇತಿ ಮೂರು ತಿಂಗಳು ಮುಂದಕ್ಕೆ. ಹಾಗಾದರೆ ಅವಳು ತನ್ನ ಜೊತೆಯವರೊಂದಿಗೆ ಪರೀಕ್ಷೆಗೆ ಕೂರುವಂತಿರಲಿಲ್ಲ. ಹೊರಗೆ ಬಂದ ಮೇಲೆ ಕಾರಿಡಾರಿನಲ್ಲಿ ನಾನು ಅವಳ ಹೆಗಲ ಮೇಲೆ ಕೈ ಇಟ್ಟು, “ಚಿಂತಿ ಮಾಡಬ್ಯಾಡ, ಮೂರು ತಿಂಗಳು ಅಂದ್ರ ಏನು,” ಎಂದೆ. ಅವಳು ಹೆಗಲನ್ನು ಮೆಲ್ಲಗೆ ಸರಿಸಿಕೊಂಡು, “ಐ.ಸಿ.ಯು.ನಲ್ಲಿ ಪೇಷಂಟ್ ನೋಡಬೇಕು, ಮ್ಯಾಡಮ್” ಎಂದು ಮರಾಠಿಯಲ್ಲಿ ಹೇಳಿ ಹೋದಳು. ಅಂದಿನಿಂದ ಅವಳು ನನ್ನೊಡನೆ ಕನ್ನಡ ಆಡಲಿಲ್ಲ.

ಎರಡು ವಾರದ ನಂತರ, ಹೊರರೋಗಿಗಳ ಸಾಲು ಮುಗಿಯುವ ಹೊತ್ತಿಗೆ, ನನ್ನ ಕೋಣೆಯ ಬಾಗಿಲಲ್ಲಿ ಒಬ್ಬರು ಚಪ್ಪಲಿ ಬಿಟ್ಟು ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬಟ್ಟೆಯ ಚೀಲ. ಚಪ್ಪಲಿ ಹಾಕಿಕೊಂಡೇ ಬನ್ನಿ ಎಂದರೂ ಕೇಳಲಿಲ್ಲ. ಅವಳ ತಂದೆ. ಬೆಳಗಾವಿಯಿಂದ ಬಸ್ಸಿನಲ್ಲಿ ಬಂದಿದ್ದರು. ಮಗಳಿಗೆ ಇನ್ನೂ ಹೇಳಿರಲಿಲ್ಲ.

ನಾನು ಎದ್ದು ನಿಂತೆ. ಬೈಯಲು ಬಂದಿದ್ದಾರೆ ಎಂದುಕೊಂಡೆ. ಉತ್ತರವನ್ನೂ ಸಿದ್ಧಮಾಡಿಕೊಂಡೆ.

“ಕೂಡ್ರಿ ಮೇಡಂ, ನೀವ್ಯಾಕ ನಿಲ್ತೀರಿ,” ಎಂದರು. ತಾವು ಕುರ್ಚಿಯ ತುದಿಯಲ್ಲಿ ಕುಳಿತರು. “ನಮ್ಮ ಹುಡುಗಿ ಕೈಲೆ ದೊಡ್ಡ ತಪ್ಪಾಗೇದ. ನಿಮ್ಮ ಹೆಸರಿಗೂ ಕುಂದು ಬಂತು. ಕ್ಷಮಾ ಕೇಳಿ ಹೋಗೂಣು ಅಂತ ಬಂದೀನ್ರಿ.”

“ಅಯ್ಯೋ, ಹಂಗೇನಿಲ್ಲ ಸರ್...”

“ಇಲ್ರಿ, ಆ ಹಮಾಲ್ ಮನಶ್ಯಾಗ ಏನಾರ ಆಗಿದ್ರ? ನಾನೂ ಮಾಸ್ತರಕಿ ಮಾಡಿದಾಂವ. ಹುಡುಗರು ಹೇಳಿದ್ದು ಕೇಳದ, ರಜಾ ಇದ್ದಾಗ ಬಂದು ತಾವ ಏನೋ ಮಾಡ್ಲಿಕ್ಕೆ ಹೋದ್ರ ಹಿಂಗ ಆಗ್ತದ. ಆಕೀಗೂ ಅದನ್ನ ಅಂದೆ. ಆಕಿ ಏನೂ ಅನ್ಲಿಲ್ಲ. ಮೇಡಂ ಭಾಳ ಛಲೋ ಕಲಸ್ತಾರ ಅಂತ ಅಷ್ಟ ಅಂದ್ಳು. ನೀವು ತಾಯಿ ಹಂಗ ತಿದ್ದಬೇಕ್ರಿ ಆಕೀನ್ನ.”

ಅಂದರೆ ಅವಳು ಅಪ್ಪನಿಗೂ ನಿಜ ಹೇಳಿರಲಿಲ್ಲ. ನನ್ನ ಸುಳ್ಳನ್ನು ನಂಬಿ ಅವರು ಮಗಳನ್ನು ಬೈದಿದ್ದರು. ಈಗ ನನ್ನೆದುರು ಕೈ ಜೋಡಿಸಿ ಕೂತಿದ್ದರು. ಆಗಲಾದರೂ ಹೇಳಬಹುದಿತ್ತು. “ಆಕಿ ಶಾಣ್ಯಾಕಿ ಇದ್ದಾಳ, ಎಲ್ಲಾ ಸರಿ ಆಗ್ತದ,” ಎಂದೆ. ಚೀಲದಿಂದ ಕರದಂಟಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ನಾನು ಅದನ್ನು ತೆಗೆದುಕೊಂಡೆ. ಇದೆಲ್ಲ ಯಾಕೆ ತರಲಿಕ್ಕೆ ಹೋದಿರಿ ಎಂದು ಉಪಚಾರದ ಮಾತನ್ನೂ ಆಡಿದೆ. ಅವರು ಬಾಗಿಲಲ್ಲಿ ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ ಅವರ ನೆತ್ತಿಯ ಬೆಳ್ಳಗಿನ ಕೂದಲು ಕಂಡಿತು. ಕೋಣೆಯ ಬಾಗಿಲು ಹಾಕಿಕೊಂಡು ಸಿಂಕಿನ ನಲ್ಲಿ ತಿರುಗಿಸಿ ಮುಖ ತೊಳೆದೆ. ಕನ್ನಡಿ ನೋಡಲಿಲ್ಲ.

ಮನೆಗೆ ಹೋದಾಗ ಗಂಡ ಬಾಲ್ಕನಿಯಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದರು. ವಿಚಾರಣೆಯಲ್ಲಿ ನಾನು ಹೇಳಿದ್ದು, ಆ ತಂದೆ ಬಂದದ್ದು, ಎಲ್ಲ ಹೇಳಿದೆ. ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ತಂಬಿಗೆ ಕೆಳಗಿಟ್ಟರು.

“ನಮ್ಮ ಫ್ಯಾಕ್ಟರಿಯಾಗ ನನ್ನ ಕೈಕೆಳಗಿನವರು ಯಾರರ ಹಿಂಗ ಮಾಡಿದ್ರ, ಅವರ ಮುಖ ನಾ ನೋಡ್ತಿರಲಿಲ್ಲ,” ಎಂದರು. ಆಮೇಲೆ ದನಿ ತಗ್ಗಿಸಿ, “ನೀ ಈಗ ಏನ್ ಮಾಡ್ತಿ ಹೇಳು,” ಎಂದರು.

ಆ ಭಾನುವಾರ ಕುಳಿತು ಅಧೀಕ್ಷಕರಿಗೆ ಪತ್ರ ಬರೆದೆ. ಎರಡು ಪಟ್ಟಿಗಳನ್ನೂ ಲಗತ್ತಿಸಿದೆ. ಆ ದಿನ ಬೆಳಿಗ್ಗೆ ಅವಳು ಹೋಗುತ್ತೇನೆಂದು ಕೇಳಿದ್ದಳು, ನಾನು ಥೀಸಿಸಿನ ಹೆದರಿಕೆ ಹಾಕಿ ಉಳಿಸಿಕೊಂಡೆ, ವಿಚಾರಣೆಯಲ್ಲಿ ಸುಳ್ಳು ಹೇಳಿದೆ ಎಂದು ಬರೆದೆ. ಸೋಮವಾರ ಕೊಟ್ಟುಬಂದೆ. ಮಧ್ಯಾಹ್ನವೇ ಕರೆ ಬಂತು. ಅಧೀಕ್ಷಕರು ಪತ್ರವನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿ, ವಾಪಸ್ ತೆಗೆದುಕೊಳ್ಳಿ ಎಂದರು. ಈ ಕಾಗದ ಹೊರಗೆ ಹೋದರೆ ಎಲ್ಲ ವಿಭಾಗಗಳ ಪಟ್ಟಿ ಕೇಳುತ್ತಾರೆ, ನಮ್ಮ ಎಂ.ಡಿ. ಸೀಟುಗಳಿಗೇ ಕುತ್ತು ಬರುತ್ತದೆ, ಆಗ ರೋಗಿಗಳನ್ನು ಯಾರು ನೋಡುತ್ತಾರೆ ಎಂದರು. ಅವರ ಮಾತು ಪೂರ್ತಿ ಸುಳ್ಳಲ್ಲ. ನಾನು ಎರಡು ದಿನ ಪತ್ರವನ್ನು ಪರ್ಸಿನಲ್ಲಿಟ್ಟುಕೊಂಡು ತಿರುಗಿದೆ. ಆ ಎರಡು ದಿನಗಳ ವಿಷಯವನ್ನು ಬಿಟ್ಟುಬಿಟ್ಟರೆ ನನ್ನ ಕಥೆ ಚೆನ್ನಾಗಿ ಕಾಣಬಹುದು. ಆದರೆ ವಾಪಸ್ ತೆಗೆದುಕೊಂಡದ್ದು ನಿಜ. ಬುಧವಾರ ಹೋಗಿ, ಬಂದ ಹೋದ ಪತ್ರಗಳನ್ನು ದಾಖಲಿಸುವ ಆವಕ ಜಾವಕ ವಿಭಾಗದಲ್ಲಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆ.

ಅದೇ ದಿನ ಅವಳನ್ನು ಕರೆದು ಹೇಳಿದೆ. ಅವಳು ಪತ್ರದ ಪ್ರತಿಯನ್ನು ನಿಂತೇ ಓದಿದಳು. ನಾನು ಕನ್ನಡದಲ್ಲಿ ಕ್ಷಮೆ ಕೇಳಿದೆ. ಅವಳು ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಮೇಡಂ ಎಂದಳು. ಸ್ವಲ್ಪ ತಡೆದು, ಮರಾಠಿಯಲ್ಲಿ, ಅಪ್ಪನಿಗೆ ಈ ವಿಷಯ ನೀವೇ ಫೋನ್ ಮಾಡಿ ಹೇಳಬೇಕು ಎಂದಳು. “ನಾನು ಹೇಳಿದರೆ ಮೇಡಂ ಮೇಲೆ ತಪ್ಪು ಹೊರಿಸುತ್ತೀಯಾ ಎನ್ನುತ್ತಾರೆ.”

ಫೋನ್ ಮಾಡಿದೆ. ನಡೆದದ್ದೆಲ್ಲ ಹೇಳಿದೆ. ಆ ಕಡೆಯಿಂದ ಶಾಲೆಯ ಗಂಟೆ ಹೊಡೆದದ್ದು ಕೇಳಿಸಿತು. “ನಾ ಆಕೀಗ ಭಾಳ ಬೈದಿದ್ದೆನ್ರಿ,” ಎಂದರು. ಫೋನ್ ಇಟ್ಟರು.

ಎಚ್ಚರಿಕೆಯ ಪತ್ರವನ್ನು ಅವಳ ಕಡತದಿಂದ ತೆಗೆದರು. ಮೂರು ತಿಂಗಳು ಮಾತ್ರ ಹೋಗಲಿಲ್ಲ. ಆ ಕಾಗದ ವಿಶ್ವವಿದ್ಯಾಲಯಕ್ಕೆ ಹೋಗಿಯಾಗಿತ್ತು, ಹಿಂದೆ ತರಿಸುವ ದಾರಿ ಯಾರಿಗೂ ಗೊತ್ತಿರಲಿಲ್ಲ, ಹುಡುಕುವ ಮನಸ್ಸೂ ಇರಲಿಲ್ಲ. ಅವಳ ಜೊತೆಯವರು ಪರೀಕ್ಷೆ ಬರೆದು ಹೋದ ಮೇಲೆ ಅವಳೊಬ್ಬಳೇ ಹಾಸ್ಟೆಲಿನಲ್ಲಿ ಉಳಿದು, ಮುಂದಿನ ಸಲ ಬರೆದು ಪಾಸಾದಳು. ಥೀಸಿಸ್ ಒಳ್ಳೆಯದಿತ್ತು. ಸಹಿ ಹಾಕುವಾಗ ನನ್ನ ಎದುರು ನಿಂತಿದ್ದಳು. ಹಾಳೆಗಳನ್ನು ಒಂದೊಂದಾಗಿ ತಿರುಗಿಸಿಕೊಟ್ಟಳು, ಕೊನೆಗೆ ನಮಸ್ಕಾರ ಮಾಡಿದಳು. ಈಗ ಹುಬ್ಬಳ್ಳಿಯಲ್ಲಿ ಇದ್ದಾಳೆಂದು ಬೇರೆಯವರಿಂದ ಕೇಳಿದ್ದೇನೆ.

ಹಮಾಲರಿಗೆ ಹೇಳುವುದು ಉಳಿದಿತ್ತು. ಅವರು ಕಾಲಿನ ಗಾಯ ತೋರಿಸಲು ಬಂದ ಒಂದು ದಿನ, ಹೆಂಡತಿಯನ್ನೂ ಒಳಗೆ ಕರೆದು ಹೇಳಿದೆ. ಅಂದು ತಪ್ಪು ಸೂಜಿ ಬಿದ್ದಿತ್ತು, ಬರೆದವಳು ಒಂದೂವರೆ ದಿನದ ನಿದ್ದೆಗೆಟ್ಟ ಹುಡುಗಿ, ಅವಳನ್ನು ಹಾಗೆ ನಿಲ್ಲಿಸಿದವಳು ನಾನು. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವರ ಹೆಂಡತಿಗೆ ಮೊದಲು ಅರ್ಥವಾಯಿತು.

“ನಾ ನಿಮಗ ಕೈ ಮುಗದಿದ್ದೆ,” ಎಂದರು ಆಕೆ. “ಆವತ್ತ ಯಾಕ ಹೇಳ್ಲಿಲ್ಲ?”

“ಹೆದರಿಕಿ ಆತವ್ವ.”

“ನಮಗ ಹೆದರಿಕಿ ಆಗಿರಲಿಲ್ಲೇನು?” ಎಂದು ಗಂಡನ ತೋಳು ಹಿಡಿದು ಎಬ್ಬಿಸಿಕೊಂಡು ಹೋದರು. ಮುಂದಿನ ಸಲದಿಂದ ಅವರು ಬೇರೆ ಘಟಕದ ದಿನ ಬರುತ್ತಾರೆ. ದೂರದಿಂದ ಕಂಡಿದ್ದೇನೆ. ಕಾಲು ವಾಸಿಯಾಗಿದೆ, ಮೂಟೆ ಹೊರುವುದು ಬಿಟ್ಟು ಯಾವುದೋ ಅಂಗಡಿಯಲ್ಲಿ ಈರುಳ್ಳಿ ಆರಿಸುವ ಕೆಲಸ ಹಿಡಿದಿದ್ದಾರಂತೆ.

ಮುದ್ರೆ ಬಿದ್ದ ಕಾಗದಕ್ಕೆ ಆಡಳಿತ ಹೆದರಿತೋ ಏನೋ, ಆರು ತಿಂಗಳೊಳಗೆ ನಮ್ಮ ಘಟಕಕ್ಕೆ ಇಬ್ಬರು ಮೆಡಿಕಲ್ ಆಫೀಸರುಗಳು ಬಂದರು. ಪಟ್ಟಿ ಬರೆಯುವ ಕೆಲಸವನ್ನು ನನ್ನಿಂದ ತೆಗೆದು ಕಿರಿಯ ಸಹೋದ್ಯೋಗಿಗೆ ಕೊಟ್ಟರು. ಈಗ ಪಟ್ಟಿ ಒಂದೇ. ರೆಸಿಡೆಂಟರು ಸಾಲದ ದಿನ ಪ್ರಾಧ್ಯಾಪಕರ ಹೆಸರೂ ಅದರಲ್ಲಿ ಬರುತ್ತದೆ. ಭಾನುವಾರ ಬೆಳಿಗ್ಗೆ ನಾನೇ ರಕ್ತ ತೆಗೆಯುತ್ತೇನೆ; ಕೈಗೆ ರೂಢಿ ತಪ್ಪಿದೆ, ಒಮ್ಮೊಮ್ಮೆ ಎರಡು ಸಲ ಚುಚ್ಚಬೇಕಾಗುತ್ತದೆ. ಎಲ್ಲವೂ ಸರಿಹೋಗಿದೆ ಎನ್ನಲಾರೆ. ಕೆಲಸ ಒಪ್ಪಿಸುವಾಗ ಈಗಲೂ ಒಂದೆರಡು ವಿಷಯ ಬಿಟ್ಟುಹೋಗುತ್ತವೆ, ಒಬ್ಬರು ಕಾಯಿಲೆ ಬಿದ್ದರೆ ಇಡೀ ವಾರ ಅಲ್ಲೋಲಕಲ್ಲೋಲ. ನಾಲ್ಕನೇ ದಿನದ ಜ್ವರವನ್ನು ಮೊದಲ ದಿನದಿಂದ ಕಂಡ ರೆಸಿಡೆಂಟ್ ಈಗ ಸಿಗುವುದು ಅಪರೂಪ. ಅದರ ಬಗ್ಗೆ ನಾನು ಸಭೆಯಲ್ಲಿ ಮಾತಾಡಲು ಹೋದರೆ ಕಿರಿಯ ಸಹೋದ್ಯೋಗಿಗಳು ಮುಖ ಮುಖ ನೋಡಿಕೊಳ್ಳುತ್ತಾರೆ. ಅವರು ನೋಡಿಕೊಳ್ಳುವುದು ಸಹಜವೇ, ಸುಮ್ಮನಾಗುತ್ತೇನೆ.

ಹೋದ ವಾರ ಬೆಳಿಗ್ಗೆ ಹೊಸ ಹುಡುಗನೊಬ್ಬ ರೌಂಡ್ಸಿನ ನಡುವೆ ಹಾಳೆ ಒಪ್ಪಿಸಿ, ಡ್ಯೂಟಿ ಮುಗಿಯಿತು ಮೇಡಂ ಎಂದು ಬ್ಯಾಗು ಹೆಗಲಿಗೇರಿಸಿದ. ನನ್ನೊಳಗೆ ಅದೇ ಹಳೆಯ ಸಿಡುಕು ಎದ್ದಿತು, ನಾಲಿಗೆಯ ತುದಿಯವರೆಗೆ ಬಂತು. ಹೋಗಿ ಮಲಕೋ ಎಂದೆ. ಅವನು ಹೋದ ಮೇಲೂ ಅದು ಇಳಿಯಲು ಎರಡು ಮಂಚ ದಾಟಬೇಕಾಯಿತು.